ರೂತವ್ವ ತೌಡು ಮುಟ್ಟಲಿಲ್ಲ

ಮಂಡ್ಯದಲ್ಲಿ ನನ್ನ ಮಗಳ ಮನೆ ಇರುವುದು ಅಕ್ಕಿ ಗಿರಣಿಯ ಹಿಂದಿನ ಬೀದಿಯಲ್ಲಿ. ಗಿರಣಿ ಓಡಿದ ದಿನ ಗಾಳಿಯಲ್ಲೆಲ್ಲ ತೌಡಿನ ವಾಸನೆ. ಬಿಸಿ ತೌಡು, ಒಂಚೂರು ಸಿಹಿ, ಒಂಚೂರು ಕಮಟು, ಮೂಗಿನೊಳಗೆ ನವೆ ಎಬ್ಬಿಸುವಂಥದ್ದು. ಮಗಳು ಓಡಿಬಂದು ಕಿಟಕಿ ಮುಚ್ಚುತ್ತಾಳೆ. ಅವಳು ಅತ್ತ ಹೋದ ಮೇಲೆ ನಾನು ಎದ್ದು ತೆಗೆಯುತ್ತೇನೆ. ಈ ವಯಸ್ಸಿನಲ್ಲಿ ಧೂಳು ಕುಡಿಯೋ ಹುಚ್ಚೇನು ನಿನಗೆ ಅಂತ ಬೈಸಿಕೊಂಡಿದ್ದೂ ಆಗಿದೆ. ಬೈಯಲಿ. ಒಂದು ಕಾಲಕ್ಕೆ ನಿನ್ನ ತಾಯಿಗೆ ಕಟ್ಟಿದ್ದ ಬೆಲೆ ಒಂದು ಮೊರ ತೌಡು ಕಣೇ ಅಂತ ಹೇಳಿದರೆ ನಗುತ್ತಾಳೆ, ಅದಕ್ಕೆ ಹೇಳಿಲ್ಲ. ನಿಮ್ಮ ಮನೆಯ ಹಿರೀಕರಲ್ಲೂ ತಿಪ್ಪಯ್ಯ, ಗುಂಡಯ್ಯ ಅನ್ನುವ ಹೆಸರಿನವರು ಯಾರಾದರೂ ಇದ್ದಿದ್ದರೆ ನೀವು ನಗುವುದಿಲ್ಲ, ನಿಮಗೆ ಹೇಳಬಹುದು.

ನನ್ನ ಹೆಸರು ತಿಪ್ಪಮ್ಮ. ಮದ್ದೂರಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಒಕ್ಕಲಿಗರ ಮನೆ, ಉದ್ದನೆಯದು, ತಗ್ಗಿನದು. ಬಾಗಿಲು ದಾಟಿದರೆ ಒಂದು ಪಕ್ಕ ದನ, ಇನ್ನೊಂದು ಪಕ್ಕ ನಾವು. ದನದ ಉಸಿರು, ಕಂಬಳಿಯ ಉಣ್ಣೆ, ರಾಗಿ ಹಿಟ್ಟು, ಒಲೆಯ ಹೊಗೆ ಎಲ್ಲ ಕಲೆತು ಆ ಮನೆಗೇ ಒಂದು ವಾಸನೆ ಇತ್ತು. ಅಪ್ಪ, ಅವ್ವ, ಅಪ್ಪನ ತಾಯಿ ನಮ್ಮಜ್ಜಿ, ಇಷ್ಟೇ ಜನ. ನನಗಿಂತ ಮುಂಚೆ ಹುಟ್ಟಿದವು ಒಂದೂ ಉಳಿದಿರಲಿಲ್ಲ. ಕೆಲವು ಬಾಣಂತಿ ಕೋಣೆಯಲ್ಲೇ ಹೋದವು, ಒಂದು ಅಂಬೆಗಾಲಿಟ್ಟು ಹೊಸ್ತಿಲವರೆಗೆ ಬಂದು ಹೋಯಿತು. ಅಂಥ ಮನೆಗಳಲ್ಲಿ ನಮ್ಮ ಕಡೆ ಒಂದು ಪದ್ಧತಿ ನಡೆಯುತ್ತಿತ್ತು. ಹೊಸದಾಗಿ ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ಮನೆ ಮುಂದಿನ ತಿಪ್ಪೆಯ ಮೇಲೆ ಮಲಗಿಸುವುದು. ಹೊರಗಿನ ಹೆಂಗಸೊಬ್ಬಳು ಬಂದು ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಕೂಸು ಅವಳದು. ಆಮೇಲೆ ಹೆತ್ತವಳು ಒಂದು ಮೊರ ತೌಡು ಕೊಟ್ಟು ಅವಳಿಂದ ಕೊಂಡುಕೊಳ್ಳುತ್ತಾಳೆ. ಇದು ತಿಪ್ಪೆಯ ಕಸ, ತೌಡಿಗೆ ಸಿಕ್ಕ ಮಾಲು, ಇದನ್ನು ಒಯ್ದು ಏನು ಮಾಡಲಿ ಅಂತ ಸಾವು ಮೂಗು ಮುರಿದುಕೊಂಡು ಹೋಗುತ್ತದಂತೆ. ಹೆಸರೂ ಹಾಗೇ ಇಡುತ್ತಿದ್ದರು.

ನನ್ನನ್ನು ಎತ್ತಿಕೊಳ್ಳಲು ಅಜ್ಜಿ ನಮ್ಮೂರ ಅಗಸಗಿತ್ತಿಗೆ ಹೇಳಿಟ್ಟಿದ್ದಳು. ಅವಳು ಬಟ್ಟೆ ಗಂಟು ಇಳಿಸಿ ಬರುವಷ್ಟರಲ್ಲಿ ಮದ್ದೂರು ದಾರಿಯಿಂದ ಇನ್ನೊಬ್ಬಳು ಬಂದುಬಿಟ್ಟಳು. ಅವಳೇ ರೂತವ್ವ. ಕೂಸು ತಿಪ್ಪೆಯ ಮೇಲೆ ಅಳುತ್ತಿದೆ, ಗೋಡೆ ಮೇಲೆ ಕಾಗೆ ಕೂತಿದೆ. ಅವಳು ಕೈಚೀಲ ಅಲ್ಲೇ ಎಸೆದು ಓಡಿಬಂದು ನನ್ನನ್ನು ಸೆರಗಿನೊಳಗೆ ಹಾಕಿಕೊಂಡಳಂತೆ. ಅಗಸಗಿತ್ತಿ ಬಾಯಿ ಬಿಟ್ಟು ನಿಂತಳು. ಅಜ್ಜಿ ಬೈದುಕೊಂಡೇ ತೌಡಿನ ಮೊರ ತಂದಳು, ಯಾರು ಎತ್ತಿಕೊಂಡರೂ ಪದ್ಧತಿ ಪದ್ಧತಿಯೇ. ರೂತವ್ವ ಅದನ್ನು ಮುಟ್ಟಲಿಲ್ಲ. "ದ್ಯಾವ್ರು ಕೊಟ್ಟ ಕೂಸು ಇದು. ತೌಡಿಗೆ ಮಾರಾಕೆ ನಾನ್ಯಾರವ್ವ?" ಅಂದು ನನ್ನನ್ನು ಅವ್ವನ ಮಡಿಲಿಗೆ ಹಾಕಿ, ಚೀಲ ಎತ್ತಿಕೊಂಡು, ಜಗಲಿಯ ತುದಿಯಲ್ಲಿ ಕೂತಳು. ವ್ಯಾಪಾರ ಅಲ್ಲಿಗೇ ನಿಂತಿತು. ಎತ್ತಿಕೊಂಡವಳು ಮಾರಲಿಲ್ಲ, ಹೆತ್ತವಳು ಕೊಳ್ಳಲಿಲ್ಲ.

ಅವಳು ಯಾರೋ ದಾರಿಹೋಕಳಲ್ಲ. ಅವ್ವನೂ ಅವಳೂ ಬಂಡೂರಿನ ಪಕ್ಕದ ಒಂದೇ ಕೊಪ್ಪಲಿನ ಹುಡುಗಿಯರು, ಒಟ್ಟಿಗೆ ಕುರಿ ಕಾಯ್ದವರು. ಆಗ ಅವಳ ಹೆಸರು ಕೆಂಪಿ. ಊರಿಗೆಲ್ಲ ಜ್ವರ ಬಂದು ಮನೆಮನೆಯಲ್ಲೂ ಹೆಣ ಬಿದ್ದ ವರ್ಷ ಕೆಂಪಿಯ ಮನೆಯವರೆಲ್ಲ ಹೋದರು. ಅವಳೊಬ್ಬಳನ್ನು ಯಾರೋ ಪಾದ್ರಿಗಳು ಮೈಸೂರಿಗೆ ಕರೆದುಕೊಂಡು ಹೋಗಿ ಸಾಕಿದರು, ಓದು ಬರಹ ಹೊಲಿಗೆ ಕಲಿಸಿದರು, ರೂತ್ ಅಂತ ಹೆಸರಿಟ್ಟರು. ಮದ್ದೂರಿನಲ್ಲಿ ರೈಲು ದಾರಿ ನೋಡಿಕೊಳ್ಳುವ ದಾನಿಯೇಲಪ್ಪನನ್ನು ಮದುವೆಯಾಗಿ ಈ ಕಡೆಗೆ ಬಂದವಳು ಮಾಡಿದ ಮೊದಲ ಕೆಲಸ ಚೆನ್ನಿಯನ್ನು ಯಾವ ಊರಿಗೆ ಕೊಟ್ಟಿದ್ದಾರೆ ಅಂತ ವಿಚಾರಿಸಿದ್ದು. ಚೆನ್ನಿ ಅಂದರೆ ನಮ್ಮವ್ವ. ಅವತ್ತಿನಿಂದ ವಾರವಾರ ಸಂತೆಯ ದಿನ, ನಮ್ಮೂರ ಹೆಂಗಸರಿಗೆ ರವಿಕೆ ಹೊಲಿದುಕೊಡುವ ನೆಪದಲ್ಲಿ, ಅಷ್ಟು ದೂರ ನಡೆದು ಬರುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅವ್ವ ಅವಳನ್ನು ಕೊನೆಯವರೆಗೂ ಕೆಂಪಿ ಅಂತಲೇ ಕರೆದಳು.

ನಾನು ಉಳಿದುಕೊಂಡೆ. ಆಮೇಲೆ ಆಗಿದ್ದೇ ನೋಡಿ ನಮ್ಮ ಮನೆಯ ಗ್ರಹಚಾರ. ಅಜ್ಜಿ ಲೆಕ್ಕ ಹಾಕಿದಳು: ವ್ಯಾಪಾರ ಮುಗಿಯದೆ ಇದ್ದುದರಿಂದಲೇ ಹುಡುಗಿ ಉಳಿಯಿತು, ಇವಳು ಇನ್ನೂ ಆ ಕಿರಸ್ತಾನದವಳ ಲೆಕ್ಕದಲ್ಲಿದ್ದಾಳೆ, ನಮ್ಮ ಮನೆಯ ಸಾವಿಗೆ ಇವಳ ಗುರುತು ಹತ್ತಲಿಲ್ಲ. ಆದ್ದರಿಂದ ರೂತವ್ವನನ್ನು ಮನೆಯೊಳಗೆ ಬಿಟ್ಟುಕೊಳ್ಳಲೂ ಬಾರದು, ಬರಬೇಡ ಅಂತ ಕಳಿಸಲೂ ಬಾರದು. ಜಗಲಿಯ ಮೇಲೆ ಕೂರಿಸಿ, ಮೇಲಿನಿಂದ ನೀರು ಹೊಯ್ದು, ಬೊಗಸೆಯಲ್ಲಿ ಕುಡಿಸಿ, ಅವಳು ಹೋದ ಮೇಲೆ ಜಗಲಿಗೆ ಸಗಣಿ ಸಾರಿಸುತ್ತಿದ್ದಳು. ಒಂದು ವಾರ ತಪ್ಪಿದರೆ ಮಾತ್ರ ಇದೇ ಅಜ್ಜಿ, ಯಾಕೆ ಬರಲಿಲ್ಲವೋ ಏನೋ ಅಂತ ದಾರಿ ನೋಡುವಳು. ರೂತವ್ವ ಅದಕ್ಕೆಲ್ಲ ನಗುತ್ತಿದ್ದಳು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೂಜಿಗೆ ದಾರ ಪೋಣಿಸಲು ಕೊಡುತ್ತಿದ್ದಳು. ಅವಳ ಚೀಲದಲ್ಲಿ ಗಂಜಿ ಹಾಕಿದ ಹೊಸ ಬಟ್ಟೆಯ ಗರಿಗರಿ ವಾಸನೆ. ಅವ್ವ ಒಳಗಿನಿಂದ ರಾಗಿ ಬೀಸುತ್ತಲೇ ಅವಳೊಡನೆ ಮಾತಾಡುವಳು. ಕಲ್ಲಿನ ಸದ್ದಿಗೆ ಇಬ್ಬರೂ ಕೂಗಿ ಕೂಗಿ ಮಾತಾಡಿ, ಏನೂ ಇಲ್ಲದ್ದಕ್ಕೆ ನಗುವರು. ರೂತವ್ವ ಊಟಕ್ಕೆ ಮುಂಚೆ ಕಣ್ಣು ಮುಚ್ಚಿಕೊಂಡರೆ ಅವ್ವ ಬೀಸುವುದು ನಿಲ್ಲಿಸಿ ಸುಮ್ಮನಿರುವಳು. ನಿಮ್ಮ ದೇವರು ಎಂಥವನು ಅಂತ ಅವ್ವ ಕೇಳಲಿಲ್ಲ, ಇವಳೂ ಹೇರಲಿಲ್ಲ.

ನಾನು ಅಷ್ಟಿಷ್ಟು ದೊಡ್ಡವಳಾಗುವಷ್ಟರಲ್ಲಿ ನಮ್ಮ ಬಯಲಿಗೆ ನಾಲೆಯ ನೀರು ಬಂತು. ಹೊಲ ಗದ್ದೆಯಾಯಿತು. ಬೆಳಗಾದರೆ ಊರ ಸುತ್ತ ಹಿಂದೆಂದೂ ಕಾಣದಂಥ ಮಂಜು, ರಾತ್ರಿಯೆಲ್ಲ ಸೊಳ್ಳೆ, ಮನೆಗೊಬ್ಬರಿಗೆ ಚಳಿಜ್ವರ. ಆ ಸುಗ್ಗಿಗೆ ಮುಂಚೆ, ಕಾರ್ತಿಕದಲ್ಲಿ, ನನಗೊಬ್ಬ ತಮ್ಮ ಹುಟ್ಟಿದ. ಗಂಡು ಕೂಸು ಅಂತ ಅಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇವನನ್ನೂ ರೂತವ್ವನೇ ಎತ್ತಬೇಕು, ಎತ್ತಿ ತೌಡು ಬೇಡ ಅನ್ನಬೇಕು, ಬೇರೆ ಕೈ ಆಗದು ಅಂತ ಅಜ್ಜಿ ತೀರ್ಮಾನಿಸಿದಳು. ಅವ್ವ ಇದನ್ನು ಜಗಲಿಯಲ್ಲಿ ಹೇಳಿದಾಗ ರೂತವ್ವನ ಮುಖದ ನಗು ಹೋಯಿತು. ನಾನು ಪಕ್ಕದಲ್ಲೇ ಇದ್ದೆ.

"ಅವತ್ತು ಕೂಸು ಅಳ್ತಿತ್ತು, ಎತ್ಕಂಡೆ," ಅಂದಳು. "ಈಗ ಎಲ್ಲ ಗೊತ್ತಿದ್ದೂ ಈ ಸುಳ್ಳಾಟಕ್ಕೆ ನಾ ಸೇರಾಕಿಲ್ಲ ಚೆನ್ನಿ. ಮನೇಲೇ ಮಡಿಕ್ಕೊ, ಬೆಚ್ಚಗೆ. ತಿಪ್ಪೆ ಮ್ಯಾಲೆ ಮಡಗೋದಾದ್ರೆ ಅವತ್ತು ನಾ ಬರಾಕಿಲ್ಲ."

ಅವ್ವ ಇದನ್ನು ಅಜ್ಜಿಗೆ ಹೇಳಲಿಲ್ಲ. ಕೆಂಪಿ ಬಾಯಲ್ಲಿ ಹಾಗಂದರೂ ಬಾರದೆ ಎಲ್ಲಿಗೆ ಹೋದಾಳು, ಅಕ್ಕನನ್ನು ಎತ್ತಿದವಳು ತಮ್ಮನನ್ನು ಬಿಟ್ಟಾಳೆಯೇ ಅಂದುಕೊಂಡಳು. ಅತ್ತ ರೂತವ್ವ, ನಾನು ಹೋಗದಿದ್ದರೆ ಚೆನ್ನಿ ಕೂಸನ್ನು ಹೊರಗೆ ಮಲಗಿಸುವುದಿಲ್ಲ ಅಂದುಕೊಂಡಳು. ಅಷ್ಟು ವರ್ಷದ ಗೆಳೆತನ, ಒಬ್ಬರ ಮೇಲೊಬ್ಬರಿಗೆ ಅಷ್ಟು ನಂಬಿಕೆ. ಅದೇ ನನ್ನ ತಮ್ಮನನ್ನು ತಿಂದಿತು.

ಸಂತೆಯ ದಿನ ಬೆಳಕು ಹರಿಯುತ್ತಲೇ ಅವ್ವ ತನ್ನ ಕೈಯಾರೆ ಅವನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬಂದಳು. ಹಳೆಯ ಸೀರೆಯ ಒಂದು ತುಂಡು ಬಿಟ್ಟರೆ ಮೈಮೇಲೆ ಏನಿಲ್ಲ. ಕಸಕ್ಕೆ ಯಾರು ಕಂಬಳಿ ಹೊದಿಸುತ್ತಾರೆ ಅಂತ ಅಜ್ಜಿಯ ವಾದ. ಮಂಜು ಕಟ್ಟಿತ್ತು. ಎದುರಿನ ಹೊಂಗೆ ಮರ ಕೂಡ ಕಾಣುತ್ತಿರಲಿಲ್ಲ. ಮರದಿಂದ ಇಬ್ಬನಿ ತೊಟತೊಟ ಉದುರುವುದು, ತಮ್ಮ ಅಳುವುದು, ಇವೆರಡೇ ಕೇಳುತ್ತಿದ್ದವು. ಮನೆಯವರು ಮುಟ್ಟಿದರೆ ಎಲ್ಲ ಕೆಟ್ಟಿತು ಅಂತ ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು. ಅಗಸಗಿತ್ತಿ ಬಂದು, ನಾನಾದರೂ ಎತ್ತಲೇನವ್ವ ಅಂತ ಕೇಳಿದಳು. ಅಜ್ಜಿ ಬೇಡ ಅಂದಳು. ಅಪ್ಪ ಮದ್ದೂರು ದಾರಿಯ ತಿರುವಿನವರೆಗೆ ಹೋಗಿ ಹೋಗಿ ಬಂದ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನಿದ್ದೆ ಹತ್ತಿತು ಬಿಡು ಅಂದಳು ಅಜ್ಜಿ. ಅವ್ವ ಆಗ ಎದ್ದಳು. ಅಜ್ಜಿಯನ್ನು ತಳ್ಳಿಕೊಂಡು ಹೋಗಿ ತಾನೇ ಎತ್ತಿಕೊಂಡಳು. ನನ್ನ ಕೈಗೂ ಅವನ ಕಾಲು ತಗುಲಿತು, ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ತಣ್ಣಗಿತ್ತು. ಎರಡು ಮೂರು ದಿನ ಎದೆ ಗೊರಗೊರ ಅಂದು, ಹೆಸರಿಡುವ ಮೊದಲೇ ಹೋಗಿಬಿಟ್ಟ.

ಮನೆಯಲ್ಲಿ ಮಾತು ಎರಡೇ ಆಯಿತು. ಆ ಕಿರಸ್ತಾನದವಳು ಬರಲಿಲ್ಲ, ಅದಕ್ಕೇ ಸತ್ತ. ಹೆತ್ತವಳು ತಾನೇ ಎತ್ತಿಕೊಂಡಳು, ಸಾವಿಗೆ ಗುರುತು ಕೊಟ್ಟಳು, ಅದಕ್ಕೇ ಸತ್ತ. ಅಜ್ಜಿ ಎರಡನ್ನೂ ಸರದಿಯ ಮೇಲೆ ಹೇಳುತ್ತಿದ್ದಳು. ಮಂಜಿನ ಸುದ್ದಿ ಯಾರೂ ಎತ್ತಲಿಲ್ಲ. ಮುಂದಿನ ವಾರ ರೂತವ್ವ ಬಂದಳು. ಊರ ಬಾಗಿಲಲ್ಲೇ ಅಗಸಗಿತ್ತಿ ಸುದ್ದಿ ಹೇಳಿದ್ದಳು. ಅಂಗಳದಲ್ಲಿ ನಿಂತವಳ ಮೇಲೆ ಅಜ್ಜಿ ಸಗಣಿ ನೀರಿನ ಗುಡಾಣವನ್ನೇ ಬಗ್ಗಿಸಿದಳು. ರೂತವ್ವ ಮುಖ ಒರೆಸಿಕೊಳ್ಳಲೂ ಇಲ್ಲ. ಚೆನ್ನೀ ಅಂತ ಒಂದು ಸಲ ಕರೆದಳು. ಅವ್ವ ಒಳಗೆ ಬೀಸುವ ಕಲ್ಲಿನ ಮುಂದೆ ಕೂತಿದ್ದಳು, ಏಳಲಿಲ್ಲ. ಬರಿಯ ಕಲ್ಲನ್ನು ಗರಗರ ತಿರುಗಿಸತೊಡಗಿದಳು, ಕಾಳಿಲ್ಲದೆ.

ಅಲ್ಲಿಗೆ ಮುಗಿಯಿತು ಅಂತ ಊರೇ ಅಂದುಕೊಂಡಿತು. ಮುಗಿಯಲಿಲ್ಲ. ಮುಂದಿನ ಸಂತೆಗೂ ಬಂದಳು, ಅದರ ಮುಂದಿನದಕ್ಕೂ ಬಂದಳು. ಜಗಲಿಗೆ ಬರದೆ ಎದುರಿನ ಹೊಂಗೆಯ ಕೆಳಗೆ ಕೂರುತ್ತಿದ್ದಳು. ಊರಲ್ಲಿ ಅವಳಿಗೆ ರವಿಕೆ ಬಟ್ಟೆ ಕೊಡುವವರು ಇಲ್ಲವಾದರು. ಬರಿಗೈಯಲ್ಲಿ ಕೂತು, ಹೊತ್ತು ವಾಲಿದ ಮೇಲೆ ಎದ್ದು ಹೋಗುವಳು. ನೀರು ಕೊಡಬಾರದು ಅಂತ ಅಜ್ಜಿಯ ಕಟ್ಟಪ್ಪಣೆ. ಬಿಸಿಲಿಗೆ ಅವಳ ತುಟಿ ಒಡೆದದ್ದು ನನಗೆ ಜಗಲಿಯಿಂದಲೇ ಕಾಣುತ್ತಿತ್ತು. ನಾನು ಅವಳ ತೊಡೆಯ ಮೇಲೆ ಬೆಳೆದವಳು, ಓಡಿಹೋಗಬೇಕು ಅನ್ನಿಸುವುದು. ಜೊತೆಗೇ, ಅವತ್ತು ಯಾಕೆ ಬರಲಿಲ್ಲ ನೀನು ಅಂತ ಕಲ್ಲು ಬೀರಬೇಕು ಅನ್ನಿಸುವುದು. ಎರಡನ್ನೂ ಮಾಡಲಿಲ್ಲ. ಯಾರೋ ಒಬ್ಬಳು, ಇನ್ನೂ ಏನಿದೆ ನಿನಗಿಲ್ಲಿ ಅಂತ ಮೂದಲಿಸಿದ್ದಕ್ಕೆ ಅವಳು ಕೊಟ್ಟ ಉತ್ತರ ಊರೆಲ್ಲ ಹರಡಿ ನಮ್ಮ ಮನೆಗೂ ಬಂತು. "ನನ್ ಗೆಳತಿ ಒಳಗವಳೆ" ಅಂದಿದ್ದಳಂತೆ, ಅಷ್ಟೇ. ಅದನ್ನು ಕೇಳಿದ ದಿನ ಅವ್ವ ಮುದ್ದೆ ತಿನ್ನಲಿಲ್ಲ.

ಮಳೆಗಾಲ ಕಳೆದು ಮಾರ್ನಮಿ ಬಂತು. ನಮ್ಮ ಕಡೆ ಮಾರ್ನಮಿಯೆಂದರೆ ಸತ್ತ ಹಿರಿಯರಿಗೆ ಎಡೆಯಿಡುವ ಹಬ್ಬ. ಮನೆ ತುಂಬ ಮಸಾಲೆ ಅರೆದ ಘಾಟು, ಬಾಡಿನ ವಾಸನೆ, ಹೊಸ ಬಟ್ಟೆಗಳನ್ನು ಕಳಸದ ಮುಂದೆ ಪೇರಿಸಿದ್ದರು. ಅವ್ವ ಒಂದು ಚಿಕ್ಕ ಎಲೆ ತಂದು ಪಕ್ಕದಲ್ಲಿ ಹಾಸಿ, ಅದರ ಮೇಲೆ ಒಂದು ಚಮಚದಷ್ಟು ಹಾಲು ಅನ್ನ ಇಟ್ಟಳು. ಅಜ್ಜಿ ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಹೆಸರಿಲ್ಲದ್ದಕ್ಕೆ, ಹಲ್ಲು ಬಾರದ್ದಕ್ಕೆ ಎಡೆಯಿಲ್ಲ ಅಂದಳು. ಅಪ್ಪ ತಲೆ ತಗ್ಗಿಸಿಕೊಂಡಿದ್ದ. ಅವ್ವ ಆ ಎಲೆಯನ್ನು ಕೈಯಲ್ಲಿ ಹಿಡಿದು, ನೆಂಟರೆಲ್ಲ ನೋಡುತ್ತಿದ್ದ ಹಾಗೆಯೇ, ಬಾಗಿಲು ದಾಟಿ ಹೊಂಗೆ ಮರದ ಕೆಳಗೆ ಹೋದಳು. ನಾನು ಹಿಂದೆ ಹೋದೆ. ಅವತ್ತೂ ಸಂತೆಯ ದಿನ, ರೂತವ್ವ ಅಲ್ಲಿದ್ದಳು. ಅವ್ವ ಅವಳ ಎದುರಿಗೆ ಕುಕ್ಕರಿಸಿ ಎಲೆಯನ್ನು ಇಬ್ಬರ ನಡುವೆ ಇಟ್ಟಳು.

"ಯಾಕೆ ಬರ್ನಿಲ್ಲ ನೀನು ಅವತ್ತು?" ಅಂದಳು ಅವ್ವ.

"ನಾ ಬರ್ದಿದ್ರೆ ನೀ ಮಡಗಾಕಿಲ್ಲ ಅನ್ಕಂಡೆ," ಅಂದಳು ರೂತವ್ವ. "ಸುಳ್ಳಾಟಕ್ಕೆ ಸೇರ್ದೆ ನನ್ ಕೈ ಸುದ್ದವಾಗಿರ್ಲಿ ಅನ್ಕಂಡೆ ಚೆನ್ನಿ. ಕೂಸಿನ್ ಚಳಿ ನೆನೀನಿಲ್ಲ. ಬಂದು ಎತ್ಕಬೇಕಾಗಿತ್ತು."

ಮಲಗಿಸಿದ್ದು ನಾನು, ನನ್ನ ಕೈಯಾರೆ, ಅಂದಳು ಅವ್ವ. ಅಷ್ಟು ದಿನ ಮನೆಯಲ್ಲಿ ಯಾರ ಮುಂದೆಯೂ ಹೇಳದಿದ್ದ ಮಾತು ಅದು; ಹೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಈ ತಪ್ಪನ್ನು ನೀನು ಯಾರ ಹತ್ತಿರ ಹೇಳಿಕೊಳ್ಳುತ್ತೀಯ ಅಂತ ಕೇಳಿದಳು. ನಮ್ಮ ಸ್ವಾಮಿಯ ಹತ್ತಿರ, ದಿನಾ ಪ್ರಾರ್ಥನೆಯಲ್ಲಿ, ಅಂದಳು ರೂತವ್ವ. ಕೂಸಿಗೆ ಹೆಸರಿಲ್ಲವಲ್ಲ, ಚೆನ್ನಿಯ ಮಗ ಅಂತ ಹೇಳುತ್ತೇನೆ, ಅವನಿಗೆ ಗೊತ್ತಾಗುತ್ತದೆ. ಕೇಳಿ ಏನಂತಾನೆ ಅಂದಳು ಅವ್ವ. ರೂತವ್ವ ಓದಿದವಳು, ಪುಸ್ತಕದಲ್ಲಿದ್ದ ಎಷ್ಟೋ ಒಳ್ಳೆಯ ಮಾತು ಅವಳಿಗೆ ಬರುತ್ತಿತ್ತು. ಅದನ್ನೊಂದೂ ಹೇಳಲಿಲ್ಲ. "ಏನೂ ಅನ್ನಾಕಿಲ್ಲ ಕಣೆ. ಆದ್ರೆ ಓಗು ಅನ್ನಾಕಿಲ್ಲ" ಅಂದಳು. ಆಗ ಅವ್ವ ಅತ್ತಳು. ತಮ್ಮ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ರೂತವ್ವ ಅವಳನ್ನು ತಬ್ಬಿಕೊಂಡು ಕೂತಳು. ಜಗಲಿಯಲ್ಲಿ ನೆಂಟರು ಸಾಲಾಗಿ ನಿಂತು ನೋಡುತ್ತಿದ್ದರು, ಬಾಡು ಆರುತ್ತಿತ್ತು.

ಅಲ್ಲಿಂದಾಚೆ ಪ್ರತಿ ಸಂತೆಯ ದಿನ ಅವ್ವ ತಾನೇ ಹೊಂಗೆಯ ಕೆಳಗೆ ಹೋಗುತ್ತಿದ್ದಳು, ಕೈಯಲ್ಲಿ ನೀರಿನ ಚೊಂಬು. ರೂತವ್ವ ಕಣ್ಣು ಮುಚ್ಚಿದರೆ ಇವಳೂ ಮುಚ್ಚುವಳು. ಮನೆಯಲ್ಲಿ ಜಗಳ ಹತ್ತಿಕೊಂಡಿತು. ಅಜ್ಜಿ ಅವ್ವನ ಕೈಯ ಊಟ ಬಿಟ್ಟಳು. ಮುಂದೆ ಅವ್ವ ಮಂಡ್ಯಕ್ಕೆ ಹೋಗಿ ಪಾದ್ರಿಗಳ ಮುಂದೆ ನಿಂತು ದೀಕ್ಷಾಸ್ನಾನ ತೆಗೆದುಕೊಂಡು ಬಂದ ಮೇಲಂತೂ ಕುಲದವರು ಕೂಟ ಸೇರಿ ನಮ್ಮ ಮನೆಯನ್ನೇ ಹೊರಗಿಟ್ಟರು. ಅಪ್ಪ ಅವಳನ್ನು ಹೊಡೆಯಲಿಲ್ಲ, ಬಿಡಲಿಲ್ಲ. ಮಾತು ಮಾತ್ರ ನಿಲ್ಲಿಸಿದ, ಸಾಯುವವರೆಗೆ. ಒಂದು ಮನೆಯಲ್ಲಿ ಎರಡು ಒಲೆ. ಅಜ್ಜಿ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರಲಿಲ್ಲ, ದಾನಿಯೇಲಪ್ಪ ಅವನ ಜೊತೆಯವರನ್ನು ಕರೆದುಕೊಂಡು ಬಂದ. ಅಪ್ಪ ಕಾಲವಾದ ಮೇಲೆ ದಾಯಾದಿಗಳು ಮನೆ ಕೆಡವಿ ಕಬ್ಬು ಹಾಕಿದರು. ಈಗ ಹೋದರೆ ಬಾಗಿಲು ಎಲ್ಲಿತ್ತು ಅಂತ ನನಗೇ ತಿಳಿಯುವುದಿಲ್ಲ. ಇಷ್ಟೆಲ್ಲ ಕಳೆದುಕೊಂಡು ನಿನ್ನವ್ವ ಏನು ಸಂಪಾದಿಸಿದಳು ಅಂತ ನೆಂಟರು ನನ್ನನ್ನು ಕೇಳಿದ್ದುಂಟು. ಅವಳು ಕ್ರಿಸ್ತನವಳಾದದ್ದು ಮಂಡ್ಯದಲ್ಲಿ ಅಂತ ಅವರ ಎಣಿಕೆ. ಅದಕ್ಕೂ ಮುಂಚಿನ ಒಂದು ಮಧ್ಯಾಹ್ನ ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು.

ಮಾರ್ನಮಿಯಾಗಿ ಇನ್ನೊಂದು ಚಳಿಗಾಲ ಬಂದಿತ್ತು. ಎರಡು ಸಂತೆ ಕಳೆದರೂ ರೂತವ್ವ ಬರಲಿಲ್ಲ. ಆಮೇಲೆ ಬೆಲ್ಲದ ಗಾಡಿಯವನೊಬ್ಬನ ಕೈಯಲ್ಲಿ ದಾನಿಯೇಲಪ್ಪ ಹೇಳಿ ಕಳಿಸಿದ, ಚಳಿಜ್ವರ, ಬಿಡುತ್ತಿಲ್ಲ, ನಿಮ್ಮನ್ನೇ ಕೇಳುತ್ತಾಳೆ ಅಂತ. ಅವ್ವ ಯಾರನ್ನೂ ಕೇಳಲಿಲ್ಲ. ನನ್ನ ಕೈ ಹಿಡಿದು ಅದೇ ಗಾಡಿ ಹತ್ತಿದಳು. ಮದ್ದೂರಿನಲ್ಲಿ ರೈಲು ಹಳಿಯ ಪಕ್ಕ ಅವರ ಒಂದಂಕಣದ ಮನೆ. ರೈಲು ಹಾಯ್ದರೆ ಗೋಡೆಯ ಮೇಲಿನ ಪಾತ್ರೆಗಳೆಲ್ಲ ಕಣಕಣ ಅನ್ನುತ್ತಿದ್ದವು. ರೂತವ್ವ ಕಂಬಳಿಯ ಕೆಳಗೆ ಇದ್ದಾಳೋ ಇಲ್ಲವೋ ಅನ್ನುವಷ್ಟು ಇಳಿದುಹೋಗಿದ್ದಳು. ಮುಖ ಹಳದಿ, ತುಟಿಯ ಮೇಲೆ ಚಳಿಜ್ವರದ ಔಷಧಿ ಕ್ವಿನೈನಿನ ಪುಡಿ ಕಟ್ಟಿದ ಬಿಳುಪು. ನಡುಕ ಬಂದರೆ ಮಂಚವೇ ಅಲುಗುವುದು, ಅದು ಇಳಿದರೆ ಮೈ ಸುಡುವುದು. ಅವ್ವ ಹೋದವಳೇ ಮಂಚದ ಮೇಲೆ ಕೂತು ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ಯಾರು ಬಂದಿದ್ದಾರೆ ಅಂತ ಅವಳಿಗೆ ಮೊದಲು ತಿಳಿಯಲೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟು, ಆದರೆ ನಮ್ಮನ್ನಲ್ಲ, ಇನ್ನೇನನ್ನೋ ನೋಡುತ್ತ, ಎದ್ದು ಕೂರಲು ಒದ್ದಾಡಿದಳು.

"ಚೆನ್ನಿ, ಇಬ್ಬನಿ ಬೀಳ್ತಾ ಐತೆ. ಕೂಸು ಇನ್ನೂ ಅಲ್ಲೇ ಐತಾ?"

ದಾನಿಯೇಲಪ್ಪ ಗೋಡೆಯ ಕಡೆಗೆ ತಿರುಗಿ ನಿಂತ. ರೂತವ್ವ ಇನ್ನೊಮ್ಮೆ ಕೇಳಿದಳು, ಯಾರಾದರೂ ಎತ್ತಿಕೊಂಡರಾ ಅಂತ. ಕಂಬಳಿ ಕಿತ್ತೆಸೆದು ಕಾಲು ನೆಲಕ್ಕೆ ಇಳಿಬಿಟ್ಟಳು, ಹೋಗಿ ತರುತ್ತೇನೆ ಅಂದಳು. ಅವ್ವ ಅವಳ ಎರಡೂ ಭುಜ ಹಿಡಿದು ಮಲಗಿಸಿದಳು.

"ಎತ್ಕಂಡವ್ರೆ ಕಣೆ. ನೀ ಮನಿಕ್ಕೊ."

"ಯಾರು?"

"ನಿನ್ ಸ್ವಾಮಿ," ಅಂದಳು ಅವ್ವ. "ಎತ್ಕಂಡು ಸೆರಗ್ನಲ್ಲಿ ಸುತ್ಕಂಡವ್ನೆ. ನಾ ನೋಡ್ದೆ."

ರೂತವ್ವ ಅವ್ವನ ಮುಖವನ್ನು ನೋಡಿದಳು, ಈ ಸಲ ಅವಳನ್ನೇ ನೋಡಿದಳು. ಸುಳ್ಳು ಹೇಳುವವಳಲ್ಲ ಚೆನ್ನಿ ಅನ್ನುವ ಹಾಗೆ ತಲೆದಿಂಬಿಗೆ ಒರಗಿದಳು. ಆಮೇಲೆ ಅವಳು ಮಾತಾಡಲಿಲ್ಲ. ಸಂಜೆಯ ರೈಲು ಬರುವುದಕ್ಕೆ ಮುಂಚೆ ಉಸಿರು ನಿಂತಿತು. ಅವ್ವನೇ ಅವಳಿಗೆ ಮೈ ತೊಳೆದು ಸೀರೆ ಉಡಿಸಿದಳು. ಮಾರನೆಯ ದಿನ ಮಣ್ಣು ಮಾಡಿ ಊರಿಗೆ ಹಿಂದಿರುಗುವಾಗ ಗಾಡಿಯಲ್ಲಿ ನಾವಿಬ್ಬರೇ. ದಾರಿಯುದ್ದಕ್ಕೂ ಗದ್ದೆಗಳ ಮೇಲೆ ಮಂಜು ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ, ನಿಜವಾಗಲೂ ನೋಡಿದ್ಯಾ ಅವ್ವ ಅಂತ ಕೇಳಿದೆ. ಅವ್ವ ಕಂಬಳಿಯನ್ನು ನನ್ನ ಕಿವಿಯವರೆಗೆ ಎಳೆದು ಹೊದಿಸಿ, ಊಂ ಅಂದಳು.